ಧಿಂಸಾ ಕಲಿಯುವವರಿಗೆ: ಮೊದಲು ಕೈ, ಆಮೇಲೆ ಕಾಲು

ಆಂಧ್ರದ ಅರಕು ಕಣಿವೆಯಿಂದ ಒಡಿಶಾದ ಕೋರಾಪುಟ್‌ವರೆಗೆ ಹಬ್ಬಿರುವ ಪೂರ್ವಘಟ್ಟದ ಎತ್ತರದ ನೆಲದಲ್ಲಿ ಆದಿವಾಸಿಗಳು ಸಾಲುಗಟ್ಟಿ ಕುಣಿಯುವ ಕುಣಿತ ಧಿಂಸಾ. ಕೋರಾಪುಟ್ ಕಡೆ ಇದನ್ನೇ ಢೆಂಸಾ ಅನ್ನುತ್ತಾರೆ. ಬಗತ, ವಾಲ್ಮೀಕಿ, ಖೊಂಡ, ಕೋಟಿಯ, ಪೋರ್ಜ ಹೀಗೆ ಹಲವು ಸಮುದಾಯಗಳಿಗೆ ಇದು ಸೇರಿದ್ದು. ಬೆಳೆ ಮನೆ ಸೇರಿದ ಮೇಲೆ ಪುಷ್ಯ ಮಾಸದಲ್ಲಿ ಬರುವ ಪುಸ್ ಪರಬ್, ಚೈತ್ರದ ಚೈತ್ ಪರಬ್, ಮದುವೆ, ಸಂತೆಯ ದಿನದ ಸಂಜೆ ಎಲ್ಲಕ್ಕೂ ಧಿಂಸಾ ಬೇಕು. ಅಲ್ಲಿನ ಬೆಟ್ಟದ ಹೊಲಗಳು ನಮಗೆ ಅಪರಿಚಿತವಲ್ಲ. ರಾಗಿ, ಸಾಮೆ, ಭತ್ತ ಬೆಳೆಯುತ್ತವೆ. ನವೆಂಬರ್ ಹೊತ್ತಿಗೆ ಗುಡ್ಡದ ಇಳಿಜಾರೆಲ್ಲ ಹುಚ್ಚೆಳ್ಳಿನ ಹೂವಿನಿಂದ ಹಳದಿಯಾಗುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಕಂಡವರಿಗೆ ಆ ಹಳದಿ ಚೆನ್ನಾಗಿ ಗೊತ್ತು.

ಶಾಲೆ, ಕಾಲೇಜು, ಹವ್ಯಾಸಿ ತಂಡಗಳಲ್ಲಿ ಧಿಂಸಾ ಕಲಿಸುವಾಗ ಸಾಮಾನ್ಯವಾಗಿ ಹೆಜ್ಜೆಯಿಂದ ಶುರು ಮಾಡುತ್ತಾರೆ. ಒಬ್ಬೊಬ್ಬರನ್ನೂ ದೂರ ದೂರ ನಿಲ್ಲಿಸಿ, ಎಣಿಕೆ ಹೇಳಿ, ಕಾಲು ಪಳಗಿದ ಮೇಲೆ ಕೈ ಹಿಡಿಸುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಧಿಂಸಾದಲ್ಲಿ ಒಬ್ಬರೇ ಕುಣಿಯುವ ಪಾಠ ಬಹಳ ಕಡಿಮೆ, ಸಾಲೇ ಕುಣಿಯುತ್ತದೆ. ಆದ್ದರಿಂದ ಈ ಬರಹದಲ್ಲಿ ಕೈಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಭರತನಾಟ್ಯವನ್ನೋ ಸಿನಿಮಾ ನೃತ್ಯವನ್ನೋ ಕಲಿತವರು ಇಲ್ಲಿ ಹೊಸಬರೇ ಎಂದು ತಿಳಿದು ಬರಬೇಕು.

ಹಂತ 1: ಜನ ಮತ್ತು ನೆಲ

ಕನಿಷ್ಠ ಎಂಟು ಜನ ಬೇಕು. ಅದಕ್ಕಿಂತ ಕಡಿಮೆಯಾದರೆ ಸಾಲು ಬಾಗುವುದಿಲ್ಲ, ಸುತ್ತು ಕೂಡುವುದಿಲ್ಲ. ಹನ್ನೆರಡರಿಂದ ಹದಿನಾರು ಜನ ಇದ್ದರೆ ಕಲಿಯಲು ಹಿತ. ಊರಿನಲ್ಲಿ ಎತ್ತರ ನೋಡಿ ಯಾರೂ ನಿಲ್ಲಿಸುವುದಿಲ್ಲ, ಆದರೆ ಹೊಸಬರು ಸುಮಾರು ಒಂದೇ ಎತ್ತರದವರ ಪಕ್ಕ ನಿಂತರೆ ತೋಳಿಗೆ ಶ್ರಮ ಕಡಿಮೆ.

ಬರಿಗಾಲು, ಮಣ್ಣಿನ ನೆಲ. ಕಲ್ಲುಚಪ್ಪಡಿ, ಟೈಲ್ಸ್ ಬೇಡವೇ ಬೇಡ; ಹಿಮ್ಮಡಿ ಊರಿ ಊರಿ ಎರಡೇ ದಿನಕ್ಕೆ ನೋವು ಶುರುವಾಗುತ್ತದೆ. ಬಯಲಿನಲ್ಲಿ ನೀರು ಚಿಮುಕಿಸಿ ಧೂಳು ಅಡಗಿಸಿಕೊಳ್ಳಿ.

ಹಂತ 2: ಕುಣಿಯದೆ ಕೇಳುವುದು

ಅರಕು ಕಡೆಯ ಮೇಳದಲ್ಲಿ ಮೋರಿ, ಕಿರಿಡಿ, ತುಡುಮು, ಡಪ್ಪು, ಜೋಡು ಕೊಂಬು ಇರುತ್ತವೆ. ಮೋರಿ ಊದುವ ವಾದ್ಯ, ನಮ್ಮ ಮುಖವೀಣೆ, ಶಹನಾಯಿಗಳ ಬಳಗದ್ದು. ಡಪ್ಪು ನಮ್ಮ ತಮಟೆಯ ಹತ್ತಿರದ ನೆಂಟ. ಕೋರಾಪುಟ್ ಕಡೆ ಢೋಲ್, ಟಮಕ್, ಮಹುರಿ. ಬಾರಿಸುವವರು, ಊದುವವರು ಗಂಡಸರು. ಸಾಲಿನಲ್ಲಿ ಹೆಚ್ಚಾಗಿ ಹೆಂಗಸರು.

ಮೊದಲ ದಿನ ಕೇಳುತ್ತಾ ಬಯಲಿನಲ್ಲಿ ಸುಮ್ಮನೆ ನಡೆಯಿರಿ. ಪೆಟ್ಟಿಗೆ ಒಂದು ಹೆಜ್ಜೆ, ಅಷ್ಟೇ. ಮೊಬೈಲ್‌ನಲ್ಲಿ ಧ್ವನಿಮುದ್ರಣ ಹಾಕಿಕೊಳ್ಳಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಸಾಲಿನಲ್ಲಿ ಯಾರಾದರೂ ತಡವರಿಸಿದಾಗ ಧ್ವನಿಮುದ್ರಣ ಕಾಯುವುದಿಲ್ಲ, ಮುಂದೆ ಹೋಗಿಬಿಡುತ್ತದೆ. ಎದುರಿಗೆ ತಮಟೆ ಹಿಡಿದು ನಿಂತವರಾದರೆ ಸಾಲಿನ ಮುಖ ನೋಡಿ ಲಯ ನಿಧಾನಿಸುತ್ತಾರೆ. ನಿಮ್ಮೂರಿನಲ್ಲಿ ತಮಟೆ ಬಲ್ಲವರೊಬ್ಬರನ್ನು ಒಪ್ಪಿಸಿ ಕರೆತನ್ನಿ.

ಹಂತ 3: ಹಿಡಿತ

ಇಲ್ಲಿ ಆತುರ ಬೇಡ. ಹಿಡಿತ ಕೂತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಒಂದೇ ಸಾಲಿನಲ್ಲಿ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿ. ಎರಡೂ ಕೈಗಳನ್ನು ಪಕ್ಕದವರ ಬೆನ್ನ ಹಿಂದೆ ಹಾಯಿಸಿ. ಬೆನ್ನ ಹಿಂದೆ ಹೋದ ಕೈ ಪಕ್ಕದವರನ್ನು ದಾಟಿ ಅವರಾಚೆಯವರ ಕೈಯನ್ನು ಹಿಡಿಯಬೇಕು. ಅಂದರೆ ನಿಮ್ಮ ಬಲಗೈ ಬಲಬದಿಯ ಎರಡನೆಯವರ ಎಡಗೈಯಲ್ಲಿರುತ್ತದೆ, ನಿಮ್ಮ ಎಡಗೈ ಎಡಬದಿಯ ಎರಡನೆಯವರ ಬಲಗೈಯಲ್ಲಿರುತ್ತದೆ. ಪಕ್ಕದವರು ನಿಮ್ಮ ತೋಳಿಗೆ ಒರಗಿ ನಿಂತಿರುತ್ತಾರೆ, ನೀವು ಅವರ ತೋಳಿಗೆ. ತೋಳು ಅಷ್ಟು ಉದ್ದ ಚಾಚದಿದ್ದರೆ ಸದ್ಯಕ್ಕೆ ಪಕ್ಕದವರ ಸೊಂಟ ಹಿಡಿಯಿರಿ. ಯಾರ ಕೈ ಮೇಲೆ, ಯಾರ ಕೈ ಕೆಳಗೆ ಎಂಬ ಗೊಂದಲ ಬರುವುದು ಖಂಡಿತ. ಎಲ್ಲರೂ ಬಲಗೈಯನ್ನೇ ಮೇಲೆ ಇಡುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಬೆರಳನ್ನು ಬಿಗಿಯಾಗಿ ಹೊಸೆಯಬೇಡಿ. ಬೆವರಿದರೆ ಜಾರುತ್ತದೆ, ಬಿಗಿದರೆ ಉಳುಕುತ್ತದೆ. ಬೆರಳ ತುದಿ ಮಡಚಿ ಕೊಕ್ಕೆ ಹಾಕಿದರೆ ಸಾಕು. ಭುಜ ಕಿವಿಯತ್ತ ಏರಬಾರದು.

ಹೀಗೆ ಹಿಡಿದು ನಿಂತಲ್ಲೇ ಎಡಕ್ಕೆ, ಬಲಕ್ಕೆ ತೂಗಿ. ಪಾದ ಎತ್ತಬೇಡಿ, ಭಾರ ಮಾತ್ರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗಿ ಬರಲಿ. ಸಾಲಿನಲ್ಲಿ ಯಾರು ಭಾರ ಬಿಡುತ್ತಿಲ್ಲ, ಯಾರು ಜಗ್ಗುತ್ತಿದ್ದಾರೆ ಎಂಬುದು ಕಣ್ಣಿಗಿಂತ ಮುಂಚೆ ಬೆನ್ನಿಗೆ ತಿಳಿಯುತ್ತದೆ. ಕಣ್ಣು ಮುಚ್ಚಿಕೊಂಡೂ ಒಮ್ಮೆ ತೂಗಿ ನೋಡಿ. ಈ ತೂಗಾಟ ನೊಗಕ್ಕೆ ಪಳಗಿದ ಜೋಡೆತ್ತಿನ ನಡೆಯಂತೆ ಸಮವಾಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಒಂದು ವಾರ ಹಿಡಿದರೂ ಹಿಡಿಯಲಿ.

ಹಂತ 4: ಮೂಲ ಹೆಜ್ಜೆ

ಊರಿಂದೂರಿಗೆ ಹೆಜ್ಜೆ ಬೇರೆ. ಕೆಳಗಿನದು ಅಭ್ಯಾಸಕ್ಕೆ ನಾನು ಸೂಚಿಸುವ ಸರಳ ಎಣಿಕೆ. ಅರಕುವಿನವರೋ ಕೋರಾಪುಟ್‌ನವರೋ ಕಲಿಸಲು ಸಿಕ್ಕ ದಿನ ಇದನ್ನು ಕೈಬಿಟ್ಟು ಅವರದನ್ನೇ ಹಿಡಿಯಿರಿ.

ಮಂಡಿ ತುಸು ಸಡಿಲ. ಒಂದು: ಬಲಗಾಲು ಬಲಕ್ಕೆ. ಎರಡು: ಎಡಗಾಲು ಬಲಗಾಲಿನ ಮುಂದೆ ಹಾದು ಬಲಕ್ಕೆ. ಮೂರು: ಮತ್ತೆ ಬಲಗಾಲು ಬಲಕ್ಕೆ. ನಾಲ್ಕು: ಎಡಗಾಲು ಪಕ್ಕಕ್ಕೆ ಬಂದು ಮುಂಗಾಲು ನೆಲ ತಾಗಲಿ, ಅದೇ ಹೊತ್ತಿಗೆ ಮಂಡಿ ಚೂರು ಮಡಚಲಿ. ಸಾಲು ಬಲಕ್ಕೆ ಹರಿಯುತ್ತದೆ, ಯಾಕೆಂದರೆ ಮುಂದಾಳು ನಿಲ್ಲುವುದು ಬಲತುದಿಯಲ್ಲಿ.

ಹೊಸಬರ ಹೆಜ್ಜೆ ಯಾವಾಗಲೂ ದೊಡ್ಡದಿರುತ್ತದೆ. ಒಬ್ಬರು ಒಂದಡಿ ಇಟ್ಟು ಇನ್ನೊಬ್ಬರು ಎರಡಡಿ ಇಟ್ಟರೆ ಸಾಲು ಹರಿದುಹೋಗುತ್ತದೆ. ಒಂದು ಗೇಣಿಗಿಂತ ಹೆಚ್ಚು ಬೇಡ. ಜಿಗಿಯುವ ಆಸೆಯನ್ನೂ ತಡೆದುಕೊಳ್ಳಿ. ಪಾದ ನೆಲವನ್ನು ಬಿಟ್ಟೂ ಬಿಡದಂತೆ ಸರಿಯಲಿ. ಕಾಲು ನೋಡಬೇಡಿ. ಕಾಲು ನೋಡಲು ತಲೆ ಬಗ್ಗಿಸಿದವರ ಬೆನ್ನು ಬಾಗುತ್ತದೆ, ಆ ಬಾಗು ಹಿಡಿತದ ಮೂಲಕ ಆಚೀಚೆಯ ನಾಲ್ಕು ಜನಕ್ಕೆ ಹೋಗುತ್ತದೆ.

ಹಂತ 5: ಬಾಗಿ ಏಳುವುದು

ಧಿಂಸಾದಲ್ಲಿ ಹಲವು ಬಗೆಗಳಿವೆ. ಹೊಸಬರು ಮೊದಲು ಹಿಡಿಯಬೇಕಾದ್ದು ಗೊಡ್ಡಿ ಬೇಟ ಧಿಂಸಾ. ಸಾಲು ತೂಗುತ್ತಾ ಮುಂದಕ್ಕೆ ಬಾಗುತ್ತದೆ, ಏಳುತ್ತದೆ, ಹಾಗೇ ಇಪ್ಪತ್ತೈದು ಅಡಿಯಷ್ಟು ಮುಂದೆ ಹೋಗಿ, ಹೋದಂತೆಯೇ ಹಿಂದಕ್ಕೆ ಬರುತ್ತದೆ. ಹೀಗೆ ನಾಲ್ಕೈದು ಸಲ.

ಬಾಗುವುದು ಸೊಂಟದಿಂದ, ಕುತ್ತಿಗೆಯಿಂದಲ್ಲ. ಬೆನ್ನು ನೇರವಿರಲಿ, ಮಂಡಿ ಮಡಚಿರಲಿ. ಗದ್ದೆಯಲ್ಲಿ ನಾಟಿ ಮಾಡಿದವರಿಗೆ ಈ ಬಾಗು ಹೇಳಿಕೊಡಬೇಕಾಗಿಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಮೊದಲ ದಿನಗಳಲ್ಲಿ ಐದೈದು ಹೆಜ್ಜೆಗೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಿ. ಸೊಂಟನೋವು ಇರುವವರು ಬಾಗುವುದನ್ನು ಅರ್ಧಕ್ಕೆ ಇಳಿಸಿಕೊಂಡರೂ ಸಾಲು ಕೆಡುವುದಿಲ್ಲ. ಹಿಂದಕ್ಕೆ ಬರುವಾಗ ತಿರುಗಿ ನೋಡಬೇಡಿ, ಕೈಯನ್ನು ನಂಬಿ.

ಹಂತ 6: ಹಾವಿನ ಸಾಲು

ಬೋಡ ಧಿಂಸಾ ಗ್ರಾಮದೇವತೆಯ ಗೌರವಕ್ಕಾಗಿ ಕುಣಿಯುವುದು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಎರಡು ಸಾಲಾಗಿ, ಬೆನ್ನ ಹಿಂದೆ ಕೈ ಬಿಗಿದು ನಿಲ್ಲುತ್ತಾರೆ. ಬಲಸಾಲಿನ ಮೊದಲಿಗನ ಕೈಯಲ್ಲಿ ನವಿಲುಗರಿಯ ಕಟ್ಟು. ಅವನು ಮುಂದೆ ನಡೆದರೆ ಎಡಸಾಲಿನ ಕೊನೆಯವರು ಅವನನ್ನು ಕೂಡಿಕೊಳ್ಳುತ್ತಾರೆ, ಇಡೀ ಗುಂಪು ಗೆಜ್ಜೆಯ ಸದ್ದಿಗೆ ಹಾವಿನಂತೆ ಅಂಕುಡೊಂಕಾಗಿ ಸುತ್ತುತ್ತದೆ. ಕೊನೆಗೆ ‘ಹರಿ’, ‘ಹುಯ್’ ಎಂದು ಕೂಗುತ್ತಾ ಮೊದಲಿನ ಸಾಲಿಗೆ ಮರಳುತ್ತಾರೆ.

ಅಭ್ಯಾಸಕ್ಕೆ ಬಯಲಿನಲ್ಲಿ ನಾಲ್ಕು ಚೆಂಬು ಇಟ್ಟು, ಮುಂದಾಳು ಅವುಗಳ ನಡುವೆ ಸುಳಿದು ಹೋಗಲಿ. ಮುಂದಾಳಿಗೆ ಒಂದೇ ನಿಯಮ: ತುದಿಯವರ ವೇಗ ನೋಡಿ ನಡೆಯಬೇಕು. ತಿರುವಿನಲ್ಲಿ ಮುಂದಾಳು ಒಂದು ಹೆಜ್ಜೆ ಇಟ್ಟರೆ ಬಾಲದವರು ಮೂರು ಓಡಬೇಕಾಗುತ್ತದೆ, ಎಡವಿ ಬೀಳುವುದೂ ಅಲ್ಲೇ. ಎಲ್ಲರೂ ಸರದಿಯಂತೆ ಬಾಲದಲ್ಲಿ ನಿಲ್ಲಿ. ಬಾಲದಲ್ಲಿ ನಿಂತು ಓಡಿದವರು ಮುಂದಾಳಾದಾಗ ತಾವಾಗಿಯೇ ನಿಧಾನಿಸುತ್ತಾರೆ.

ಹಂತ 7: ಎಲೆ ಕೊಯ್ಯುವ ಕುಣಿತ, ಹುಲಿ ಬಂದ ಕುಣಿತ

ಪೋತರ್ ತೋಲಾ ಎಲೆ ಕೀಳುವ ಕೆಲಸದ ಕುಣಿತ. ಅರ್ಧ ಜನ ಮುಂದಿನ ಸಾಲು, ಉಳಿದರ್ಧ ಹಿಂದಿನ ಸಾಲು. ಹಿಂದಿನವರ ಕೈ ಮುಂದಿನವರ ಭುಜದ ಮೇಲೆ. ತಲೆಯನ್ನು ಬಲಕ್ಕೆ, ಎಡಕ್ಕೆ ತಿರುಗಿಸುತ್ತಾ ಮುಂದೆ, ಹಿಂದೆ ನಡೆಯುವುದು. ಸುಲಭ, ಮಕ್ಕಳಿಗೆ ಬಹಳ ಇಷ್ಟ.

ಬಾಘ್ ಧಿಂಸಾ ಕಷ್ಟದ್ದು. ಹುಲಿ ಮೇಲೆರಗಿದಾಗ ತಪ್ಪಿಸಿಕೊಳ್ಳುವ ಪರಿ ಅದರಲ್ಲಿದೆ. ಅರ್ಧ ಜನ ಕೈಕೈ ಹಿಡಿದು ವೃತ್ತವಾಗಿ, ತುದಿಗಾಲಲ್ಲಿ ನಿಂತು ತಲೆ ತಗ್ಗಿಸುತ್ತಾ ಎತ್ತುತ್ತಾ ಇರುತ್ತಾರೆ. ಉಳಿದವರು ಅವರನ್ನು ಬಳಸಿ ಬೇಗ ಬೇಗ ಸುತ್ತಿ ಸುರುಳಿಯಾಗುತ್ತಾರೆ. ಮೂಲ ಹೆಜ್ಜೆ ನಿದ್ದೆಯಲ್ಲೂ ಬರುವಂತಾದ ಮೇಲೆ ಇದಕ್ಕೆ ಕೈಹಾಕಿ. ಕುಂಡಾ ಧಿಂಸಾದಲ್ಲಿ ತೂಗುತ್ತಾ ಭುಜದಿಂದ ಒಬ್ಬರನ್ನೊಬ್ಬರು ತಳ್ಳುತ್ತಾರೆ. ಅದಕ್ಕೂ ಆಗಲೇ ಹೊತ್ತು.

ಬಾಯಾ ಧಿಂಸಾ ಎಂಬುದೂ ಇದೆ. ಮೈಮೇಲೆ ದೇವರು ಬಂದ ಆದಿವಾಸಿ ಮಂತ್ರವಾದಿಯ ಚಲನೆ ಅದು. ಅದನ್ನು ಹೊರಗಿನವರು ವೇದಿಕೆಯ ಮೇಲೆ ಅಭಿನಯಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲಿಯುವ ಪಟ್ಟಿಯಿಂದಲೇ ಅದನ್ನು ಬಿಟ್ಟುಬಿಡಿ.

ಹಂತ 8: ಉಡುಗೆ

ಹೆಂಗಸರು ಸೀರೆಯನ್ನು ಮಂಡಿಯಿಂದ ತುಸು ಕೆಳಗೆ ಬರುವಂತೆ ಉಟ್ಟು ಹೆಗಲ ಮೇಲೆ ಗಂಟು ಹಾಕುತ್ತಾರೆ, ತುರುಬಿಗೆ ಹೂ, ಕಾಲಿಗೆ ಕಡಗ, ಗೆಜ್ಜೆ. ಗಿಡ್ಡ ಉಡುಗೆಯಿಂದ ಹೆಜ್ಜೆಗೆ ಅಡ್ಡಿಯಿಲ್ಲ. ಕಲಿಯುವಾಗ ಹತ್ತಿಯ ಯಾವ ಉಡುಪಾದರೂ ನಡೆಯುತ್ತದೆ. ಗೆಜ್ಜೆಯನ್ನು ಕೊನೆಗೆ ಕಟ್ಟಿಕೊಳ್ಳಿ. ಹೆಜ್ಜೆ ಕೂಡುವ ಮೊದಲು ಕಟ್ಟಿದರೆ ಎಲ್ಲರ ತಪ್ಪೂ ಒಟ್ಟಿಗೆ ಕೇಳಿಸಿ ಲಯವೇ ತಿಳಿಯದಾಗುತ್ತದೆ. ಮುಖಕ್ಕೆ ಕಪ್ಪು ಬಣ್ಣ ಬಳಿದು, ಎಲೆ ಸುತ್ತಿಕೊಂಡು ‘ಆದಿವಾಸಿ ವೇಷ’ ಹಾಕುವುದು ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಇನ್ನೂ ಇದೆ. ಅದು ಆ ಜನರಿಗೆ ಮಾಡುವ ಅವಮಾನ. ಕಲಿಸುವವರು ಅದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು.

ಹಂತ 9: ಕುಣಿಯುವವರ ಬಳಿಗೆ ಹೋಗುವುದು

ಅರಕು ವಿಶಾಖಪಟ್ಟಣದಿಂದ ಸುಮಾರು 115 ಕಿ.ಮೀ.; ಕಿರಂದುಲ್ ಕಡೆಗೆ ಹೋಗುವ ರೈಲು ಘಟ್ಟದ ಸುರಂಗಗಳನ್ನು ಹಾದು ಅಲ್ಲಿಗೆ ಮುಟ್ಟಿಸುತ್ತದೆ. 2022ರಿಂದ ಈ ಪ್ರದೇಶ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿದೆ. ಕೋರಾಪುಟ್‌ನಲ್ಲಿ ನವೆಂಬರ್ ಸುಮಾರಿಗೆ ‘ಪರಬ್’ ಎಂಬ ಜಿಲ್ಲಾ ಉತ್ಸವ ನಡೆಯುತ್ತದೆ. ಅಲ್ಲಿ ಹಲವು ಊರಿನ ತಂಡಗಳನ್ನು ಒಟ್ಟಿಗೆ ನೋಡಬಹುದು. ಆದರೆ ಪ್ರವಾಸಿಗರಿಗೆಂದು ಹತ್ತು ನಿಮಿಷ ಕುಣಿಯುವ ಧಿಂಸಾ ನೋಡಿ ಮರಳಿದರೆ ಸಾಲದು. ಹಬ್ಬದ ದಿನಗಳಲ್ಲಿ, ಊರಿನವರ ಒಪ್ಪಿಗೆ ಕೇಳಿಕೊಂಡು ಹೋಗಿ. ಕುಣಿತ ಶುರುವಾದ ಕೂಡಲೇ ಮೊಬೈಲ್ ಹಿಡಿದು ನಡುವೆ ನುಗ್ಗಬೇಡಿ. ಸಾಲಿನಲ್ಲಿ ಯಾರಾದರೂ ಕೈ ಬಿಡಿಸಿ ಜಾಗ ಕೊಟ್ಟು ಕರೆದರೆ ಮಾತ್ರ ಸೇರಿಕೊಳ್ಳಿ.

ಕಲಿತದ್ದನ್ನು ವೇದಿಕೆಗೆ ತರುವ ತಂಡಗಳಿಗೆ ಒಂದು ಮಾತು. ಕಲಿಸಿದ ಊರಿನ, ಸಮುದಾಯದ ಹೆಸರನ್ನು ಕಾರ್ಯಕ್ರಮದಲ್ಲಿ ಹೇಳಿ. ಕಲಿಸಲು ಬಂದವರಿಗೆ ಶಾಲು, ಹಾರದ ಜೊತೆಗೆ ಸಂಭಾವನೆಯನ್ನೂ ಪ್ರಯಾಣದ ಖರ್ಚನ್ನೂ ಅಂದೇ ಕೊಡಿ. ಶಾಸ್ತ್ರೀಯ ನೃತ್ಯದ ಗುರುಗಳಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ.