ಮನೆಯ ಗಣಕದಲ್ಲಿ ಜೋಡಿ ಡಿಸ್ಕುಗಳ ಪ್ರತಿಬಿಂಬ ಕ್ರಮ

ಶಾಲೆಯ ಸುವರ್ಣ ಮಹೋತ್ಸವದ ಸಿದ್ಧತೆ ಆರಂಭವಾದಾಗ ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿದ್ದ ಭಾವಚಿತ್ರಗಳನ್ನೂ ವಾರ್ಷಿಕೋತ್ಸವದ ಧ್ವನಿಸುರುಳಿಗಳನ್ನೂ ತಂದುಕೊಟ್ಟರು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಕೆಲವು ಕಾಸರಗೋಡಿನ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನೆಲ್ಲ ಗಣಕಕ್ಕೆ ಏರಿಸಿ ಕಾಪಾಡುವ ಹೊಣೆ ನನ್ನ ಪಾಲಿಗೆ ಬಂತು. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿಯೇ ಕಲಿತ ನಾನು ನಿವೃತ್ತಿಯ ಬಳಿಕ ಮೊಮ್ಮಗನ ಶಿಷ್ಯನಾಗಿ ಈ ವಿದ್ಯೆಯನ್ನು ಅಭ್ಯಾಸ ಮಾಡಿದೆ. ಅದರ ಒಂದು ಪಾಠವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಮನೆಯ ಸರ್ವರ್ ಎಂದರೆ ಹಗಲಿರುಳು ನಡೆಯುತ್ತಿದ್ದು, ಮನೆಯ ಉಳಿದ ಯಂತ್ರಗಳಿಗೆ ಕಡತಗಳನ್ನು ಒದಗಿಸುವ ಗಣಕ. ನಮ್ಮದರಲ್ಲಿ ತಲಾ 4 ಟೆರಾಬೈಟಿನ ಎರಡು ಹಾರ್ಡ್ ಡಿಸ್ಕುಗಳಿವೆ. ಒಂದರಲ್ಲಿ ಬರೆದುದನ್ನು ಯಂತ್ರವು ಇನ್ನೊಂದರಲ್ಲಿಯೂ ಜತೆಜತೆಗೇ ಬರೆಯುತ್ತದೆ. ಒಂದು ಕೆಟ್ಟರೂ ಇನ್ನೊಂದರಿಂದ ಕೆಲಸ ಸಾಗುತ್ತದೆ. ಇದೇ ಪ್ರತಿಬಿಂಬ ಕ್ರಮ. ಉಪಾಯವು ಹಳೆಯದೇ, 1988ರಲ್ಲಿ ಅಮೆರಿಕದ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ಡಿಸ್ಕುಗಳ ಇಂತಹ ಜೋಡಣೆಗಳಿಗೆ ‘ರೈಡ್’ ಎಂದು ಹೆಸರಿಟ್ಟು ವರ್ಗೀಕರಿಸಿದಾಗ ಇದು ‘ರೈಡ್ 1’ ಎನಿಸಿತು. ಲಿನಕ್ಸಿನಲ್ಲಿ ಇದಕ್ಕೆ ಬೇರೆ ಕಾರ್ಡು ಬೇಡ. ತಂತ್ರಾಂಶವೇ ಎಲ್ಲವನ್ನೂ ನಿರ್ವಹಿಸುತ್ತದೆ. ಅದನ್ನು ನಡೆಸುವ ಸಾಧನದ ಹೆಸರು ‘ಎಂಡಿಎಡಿಎಂ’.

ತಂತ್ರಾಂಶದಿಂದ ನಡೆಸಿದರೆ ಗಣಕ ನಿಧಾನವಾಗದೆ ಎಂದು ಹಲವರು ಕೇಳುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಪ್ರತಿಬಿಂಬದಲ್ಲಿ ಗಣಿತವೇ ಇಲ್ಲ; ಒಂದೇ ವಿಷಯವನ್ನು ಎರಡು ಕಡೆ ಬರೆಯುವುದಷ್ಟೆ. ಆದರೆ ಎರಡೂ ಡಿಸ್ಕುಗಳು ಬರೆದು ಮುಗಿಸಿದ ಮೇಲೆಯೇ ಬರೆಹ ಪೂರ್ಣವಾಗುವುದರಿಂದ, ಜೋಡಿಯಲ್ಲಿ ಯಾವುದು ನಿಧಾನವೋ ಅದರ ವೇಗವೇ ಇಬ್ಬರ ವೇಗ. ಓದುವುದಕ್ಕೆ ಒಂದು ಪ್ರತಿ ಸಾಕು. ಇಬ್ಬರು ಏಕಕಾಲಕ್ಕೆ ಕೇಳಿದರೆ ಒಬ್ಬರಿಗೆ ಒಂದು ಡಿಸ್ಕು, ಮತ್ತೊಬ್ಬರಿಗೆ ಇನ್ನೊಂದು. ಒಬ್ಬರೇ ಒಂದು ದೊಡ್ಡ ಕಡತವನ್ನು ಓದುವಾಗ ಮಾತ್ರ ವೇಗ ಇಮ್ಮಡಿಯಾಗದು. ಕೊಳ್ಳುವಾಗ ಒಂದು ಎಚ್ಚರ ಬೇಕು. ಕೆಲವು ಡಿಸ್ಕುಗಳಲ್ಲಿ ಬರೆಹದ ಪಥಗಳು ಮಾಡಿನ ಮಂಗಳೂರು ಹಂಚಿನಂತೆ ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ಬಿಡದೆ ಬಹಳ ಹೊತ್ತು ಬರೆಯಬೇಕಾದಾಗ ಅವು ಆಮೆಯ ನಡಿಗೆಗೆ ಇಳಿಯುತ್ತವೆ. ಈ ಕೆಲಸಕ್ಕೆ ಅವು ಬೇಡ.

ನಿಜವಾದ ನಿಧಾನ ಕಾಣುವುದು ಮರುಹೊಂದಾಣಿಕೆಯ ಸಮಯದಲ್ಲಿ. ಆಟಿ ತಿಂಗಳ ಗಾಳಿಮಳೆಗೆ ಬರೆಯುತ್ತಿರುವಾಗಲೇ ವಿದ್ಯುತ್ತು ಹೋಯಿತೆನ್ನಿ. ಯಾವ ಭಾಗ ಎರಡೂ ಕಡೆ ಒಂದೇ ಆಗಿದೆ, ಯಾವುದು ಇಲ್ಲ ಎಂದು ಯಂತ್ರಕ್ಕೆ ತಿಳಿಯದು. ಆದುದರಿಂದ ಮೊದಲಿನಿಂದ ಕೊನೆಯವರೆಗೆ ಹೊಂದಿಸುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 150 ಮೆಗಾಬೈಟಿನಂತೆ 4 ಟೆರಾಬೈಟಿಗೆ 7 ಗಂಟೆ 24 ನಿಮಿಷ! ಆ ಹೊತ್ತಿನಲ್ಲಿ ಮನೆಯವರು ಏನಾದರೂ ಕೇಳಿದರೆ ಲಿನಕ್ಸ್ ಹೊಂದಾಣಿಕೆಯನ್ನು ತಗ್ಗಿಸಿ ಅವರಿಗೆ ದಾರಿ ಬಿಡುತ್ತದೆ. ಅದು ಇಟ್ಟುಕೊಂಡ ಕನಿಷ್ಠ ಮಿತಿ ಸೆಕೆಂಡಿಗೆ 1000 ಕಿಲೋಬೈಟು, ಗರಿಷ್ಠ 2,00,000. ಕನಿಷ್ಠವನ್ನು ಏರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಮನೆಯವರ ಗೊಣಗಾಟ ಹೆಚ್ಚುತ್ತದೆ. ನಾನು ರಾತ್ರಿ ಏರಿಸಿ ಬೆಳಿಗ್ಗೆ ಇಳಿಸುತ್ತೇನೆ.

ಇದಕ್ಕಿಂತ ಉತ್ತಮವಾದ ಉಪಾಯ ‘ಬಿಟ್‌ಮ್ಯಾಪ್’. ಬರೆಯುವ ಮುನ್ನ ಆ ಪ್ರದೇಶಕ್ಕೊಂದು ಗುರುತು, ಎರಡೂ ಕಡೆ ಮುಗಿದ ಮೇಲೆ ಅದನ್ನು ಅಳಿಸುವುದು. ವಿದ್ಯುತ್ತು ಹೋಗಿ ಬಂದರೆ ಗುರುತಿದ್ದ ಕಡೆಯನ್ನಷ್ಟೆ ನೋಡಿದರೆ ಸಾಕು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಗುರುತು ಹಾಕುವ ಪ್ರದೇಶ ತೀರ ಚಿಕ್ಕದಾದರೆ ಗುರುತು ಹಾಕುವುದೇ ಒಂದು ಹೊರೆಯಾಗಿ ಬರೆಹ ಕುಂಟುತ್ತದೆ. ಹೊಸ ಡಿಸ್ಕನ್ನು ಸೇರಿಸಿದಾಗ ಮಾತ್ರ ಇದರಿಂದ ಪ್ರಯೋಜನವಿಲ್ಲ. ಪೂರ್ತಿ ನಕಲು ಆಗಲೇಬೇಕು.

‘ಎಂಡಿಸ್ಟ್ಯಾಟ್’ ಎಂಬ ಕಡತವನ್ನು ತೆರೆದರೆ ಜೋಡಿಯ ಕ್ಷೇಮಸಮಾಚಾರ ದೊರೆಯುತ್ತದೆ. ಎರಡು ‘ಯು’ ಅಕ್ಷರಗಳಿದ್ದರೆ ಇಬ್ಬರೂ ಹಾಜರು. ಒಂದರ ಸ್ಥಳದಲ್ಲಿ ಅಡಿಗೆರೆ ಕಂಡರೆ ಒಬ್ಬರು ಗೈರುಹಾಜರು. ಒಂದು ಡಿಸ್ಕು ಸತ್ತು ತಿಂಗಳಾದರೂ ಸರ್ವರ್ ಏನೂ ಆಗದಂತೆ ನಡೆಯುತ್ತಿರಬಹುದಾದ ಕಾರಣ ಹಾಜರಿ ಕರೆಯುವುದನ್ನು ಬಿಡಬಾರದು. ಡೆಬಿಯನ್ ಲಿನಕ್ಸ್ ಪ್ರತಿ ತಿಂಗಳ ಮೊದಲ ಭಾನುವಾರ ಎರಡೂ ಪ್ರತಿಗಳನ್ನು ತಾನಾಗಿಯೇ ಹೋಲಿಸುತ್ತದೆ. ಅಂದು ಗಣಕ ಮಂದವಾದರೆ ಗಾಬರಿ ಬೇಡ. ವ್ಯತ್ಯಾಸ ಕಂಡರೆ ಇಬ್ಬರು ಸಾಕ್ಷಿಗಳಲ್ಲಿ ಯಾರದು ನಿಜವೆಂದು ಹೇಳುವ ಶಕ್ತಿ ಅದಕ್ಕಿಲ್ಲ; ‘ಜೆಡ್‌ಎಫ್‌ಎಸ್’, ‘ಬಿಟಿಆರ್‌ಎಫ್‌ಎಸ್’ ಎಂಬ ಕಡತ ವ್ಯವಸ್ಥೆಗಳು ತಾಳೆಸಂಖ್ಯೆಯನ್ನು ಇಟ್ಟುಕೊಳ್ಳುವುದರಿಂದ ಅವು ಹೇಳಬಲ್ಲವು.

ಇಷ್ಟನ್ನೆಲ್ಲ ಕಲಿತಿದ್ದೂ ನಾನು ಒಂದು ಸಂಜೆ, ಎರಡೆರಡು ಸಲ ಬಂದ ಚಿತ್ರಗಳನ್ನು ತೆಗೆಯಲು ಹೋಗಿ, ಶಾಲೆಯ ಮೊದಲ ವರ್ಷಗಳ ಆಟೋಟದ ಚಿತ್ರಗಳ ಸಂಪುಟವನ್ನೇ ಅಳಿಸಿಬಿಟ್ಟೆ. ಕನ್ನಡಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಇನ್ನೊಂದು ಡಿಸ್ಕಿನಿಂದಲೂ ಅವು ಮಾಯವಾದವು. ಕಚೇರಿಯಲ್ಲಿ ಕಾರ್ಬನ್ ಕಾಗದವಿಟ್ಟು ಬರೆದವರಿಗೆ ಇದು ಗೊತ್ತು. ಮೇಲಿನ ಹಾಳೆಯ ತಪ್ಪು ಕೆಳಗಿನ ಹಾಳೆಯಲ್ಲಿಯೂ ತಪ್ಪೇ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಪುಣ್ಯಕ್ಕೆ ಕುಂಬಳೆಯ ಹಳೆಯ ವಿದ್ಯಾರ್ಥಿಯೊಬ್ಬ ಅದಕ್ಕೆ ಹಿಂದಿನ ವಾರವೇ ಎಲ್ಲ ಚಿತ್ರಗಳನ್ನೂ ಹೊರ ಡಿಸ್ಕೊಂದಕ್ಕೆ ನಕಲು ಮಾಡಿಕೊಂಡು ಹೋಗಿದ್ದ. “ಇರಲಿ ಮಾಸ್ಟ್ರೇ, ನನ್ನಲ್ಲಿ ಉಂಟು” ಎಂದು ಮರುದಿನವೇ ತಂದುಕೊಟ್ಟ.

ಅಂದಿನಿಂದ ತಿಂಗಳಿಗೊಮ್ಮೆ ಮೂರನೆಯ ಡಿಸ್ಕಿಗೆ ನಕಲು ತೆಗೆದು, ಕೈಚೀಲದಲ್ಲಿಟ್ಟು, ಬಸ್ಸಿನಲ್ಲಿ ಕುಂಬಳೆಗೆ ಹೋಗಿ ಅವನ ಮನೆಯಲ್ಲಿ ಇರಿಸಿ ಬರುತ್ತೇನೆ. ನಿಮ್ಮ ಅಟ್ಟದಲ್ಲಿ ಶಾಲೆಯ ಚಿತ್ರಗಳು ಇನ್ನೂ ಇದ್ದರೆ ದಯವಿಟ್ಟು ಕಳುಹಿಸಿ. ಡಿಸ್ಕಿನಲ್ಲಿ ಸ್ಥಳ ಧಾರಾಳವಾಗಿದೆ.