ಅಪರಿಚಿತನಿಗೊಂದು ಮೂತ್ರಪಿಂಡ

ಶಸ್ತ್ರವೈದ್ಯನು ಒಬ್ಬನ ದೇಹವನ್ನು ಕೊಯ್ಯುವುದು ಅವನ ಹಿತಕ್ಕಾಗಿಯೇ ಎಂಬುದು ವೈದ್ಯಶಾಸ್ತ್ರದ ಹಳೆಯ ನಿಯಮ. ಮೂತ್ರಪಿಂಡವನ್ನು ದಾನಮಾಡುವವನ ವಿಷಯದಲ್ಲಿ ಈ ನಿಯಮ ನಿಲ್ಲದು. ಅವನಿಗೆ ರೋಗವಿಲ್ಲ, ಶಸ್ತ್ರಕ್ರಿಯೆಯಿಂದ ಅವನ ದೇಹಕ್ಕೆ ನಷ್ಟವೇ ಹೊರತು ಲಾಭವಿಲ್ಲ. 1954ರಲ್ಲಿ ಬಾಸ್ಟನ್ ನಗರದಲ್ಲಿ ಡಾಕ್ಟರ್ ಜೋಸೆಫ್ ಮರೆಯವರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದರು. ಅಲ್ಲಿ ಒಡಹುಟ್ಟಿದವರ ಮಮತೆಯಾದರೂ ಇತ್ತು. ಹೆಸರೂ ತಿಳಿಯದ ರೋಗಿಗೆ ಕೊಡುವೆನೆಂದು ಬರುವವರಿಗೆ ಏನು ಹೇಳಬೇಕು? ಬ್ರಿಟನ್ನಿನಲ್ಲಿ 2006ರಲ್ಲಿ ಜಾರಿಗೆ ಬಂದ ಕಾನೂನು ಅಂಥವರಿಗೂ ಬಾಗಿಲು ತೆರೆಯಿತು. ಆದರೆ ಅದನ್ನು ದಾಟುವುದು ಸುಲಭವಲ್ಲ, ಸುಲಭವಾಗಿರಲೂ ಕೂಡದು.

ಹಿಡಿಮುಷ್ಟಿಯಷ್ಟಿರುವ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳುಂಟು. ಎರಡೂ ಕೂಡಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಟ್ಟು, ಉಳಿದುದೆಲ್ಲವನ್ನೂ ರಕ್ತಕ್ಕೇ ಹಿಂದಿರುಗಿಸುತ್ತವೆ. ಒಂದನ್ನು ತೆಗೆದರೆ ಇನ್ನೊಂದರಲ್ಲಿ ಹೊಸ ಶೋಧಕಗಳು ಹುಟ್ಟುವುದಿಲ್ಲ. ಇದ್ದವೇ ಹಿಗ್ಗಿ, ಹೆಚ್ಚು ರಕ್ತವನ್ನು ಬರಮಾಡಿಕೊಂಡು, ಹೆಚ್ಚು ದುಡಿಯುತ್ತವೆ. ಆದುದರಿಂದಲೇ ಸೋಸುವ ಶಕ್ತಿ ಅರ್ಧಕ್ಕೆ ಇಳಿದು ನಿಲ್ಲದೆ ಮೊದಲಿನ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಏರುತ್ತದೆ.

ದಾನಿಯಲ್ಲಿ ಈ ಮೀಸಲು ಶಕ್ತಿ ಇದೆಯೇ, ಇದ್ದರೆ ಅವನ ಆಯುಷ್ಯವೆಲ್ಲ ಬಾಳೀತೇ? ತಿಂಗಳುಗಟ್ಟಲೆ ನಡೆಯುವ ಪರೀಕ್ಷೆಗಳ ತಿರುಳು ಇಷ್ಟೆ. ರಕ್ತದೊತ್ತಡವನ್ನು ಅಳೆಯುವರು, ರಕ್ತದಲ್ಲಿ ಸಕ್ಕರೆ ಏರಿದೆಯೇ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವರು. ಒಂದು ಗುರುತು ವಸ್ತುವನ್ನು ರಕ್ತಕ್ಕೆ ಸೇರಿಸಿ, ಗಂಟೆಗಂಟೆಗೂ ರಕ್ತ ತೆಗೆದು, ಅದು ಎಷ್ಟು ಬೇಗ ಮಾಯವಾಗುವುದೆಂಬುದರಿಂದ ಸೋಸುವ ವೇಗವನ್ನು ಲೆಕ್ಕಹಾಕುವರು. ಇಲ್ಲೊಂದು ವಿಚಿತ್ರವುಂಟು. ಅರುವತ್ತರ ಆರೋಗ್ಯವಂತನಿಗಿಂತ ಇಪ್ಪತ್ತೈದರ ತರುಣನನ್ನು ಒಪ್ಪಲು ವೈದ್ಯರು ಹೆಚ್ಚು ಹಿಂಜರಿಯಬಹುದು. ತರುಣನ ಒಂಟಿ ಮೂತ್ರಪಿಂಡ ಅಷ್ಟು ಹೆಚ್ಚು ವರ್ಷ ದುಡಿಯಬೇಕಲ್ಲವೇ!

ರಕ್ತನಾಳಗಳ ನಕ್ಷೆಯನ್ನು ಸಿ.ಟಿ. ಯಂತ್ರದಿಂದ ಪಡೆಯುತ್ತಾರೆ. ಎಡಗಡೆಯ ಅಭಿಧಮನಿ ಉದ್ದವಾಗಿದ್ದು ಹೊಲಿಯಲು ಅನುಕೂಲವಾದುದರಿಂದ ಸಾಮಾನ್ಯವಾಗಿ ಎಡದ್ದನ್ನೇ ತೆಗೆಯುವರು. ಎರಡರ ಶಕ್ತಿಯಲ್ಲಿ ಗಣನೀಯ ಅಂತರವಿದ್ದರೆ ಮಾತ್ರ ಉತ್ತಮವಾದುದು ದಾನಿಯಲ್ಲೇ ಉಳಿಯಬೇಕು.

ಮನಸ್ಸಿನ ಪರೀಕ್ಷೆಯೂ ಉಂಟು. ಮೂತ್ರಪಿಂಡ ಪಡೆದವನು ಒಂದು ಸಾಲು ಕೃತಜ್ಞತೆಯನ್ನೂ ಬರೆಯದಿದ್ದರೆ? ಜೋಡಿಸಿದ ಅಂಗ ಕೆಲವೇ ದಿನಗಳಲ್ಲಿ ಕೆಟ್ಟರೆ? ಮುಂದೆ ತನ್ನ ಮಗುವಿಗೇ ಅದು ಬೇಕಾದರೆ? ಇವೆಲ್ಲವನ್ನೂ ದಾನಿ ಮೊದಲೇ ಯೋಚಿಸಿರಬೇಕು. ಸುಮಾರು ಮೂರು ಸಾವಿರ ದಾನಿಗಳಲ್ಲಿ ಒಬ್ಬರು ಶಸ್ತ್ರಕ್ರಿಯೆಯಿಂದ ಸಾಯುವ ಅಪಾಯವಿದೆಯೆಂದು ಅವನಿಗೆ ಸ್ಪಷ್ಟವಾಗಿ ತಿಳಿಸುತ್ತಾರೆ. ಹಣದ ಆಸೆಯಾಗಲಿ ಯಾರದಾದರೂ ಒತ್ತಾಯವಾಗಲಿ ಇಲ್ಲವೆಂಬುದನ್ನು ಚಿಕಿತ್ಸೆಗೆ ಸಂಬಂಧಪಡದ ಒಬ್ಬ ಸ್ವತಂತ್ರ ವಿಚಾರಕನು ಮಾತನಾಡಿಸಿ ಅರಿಯುತ್ತಾನೆ. ಅರಿವಳಿಕೆ ಕೊಡುವ ಕ್ಷಣದವರೆಗೂ, ಕಾರಣ ಹೇಳದೆಯೇ, ದಾನಿ ಹಿಂದೆಗೆಯಬಹುದು.

ಹಿಂದೆಗೆಯದವರು ಕೆಲವು ದಿನಗಳಲ್ಲಿ ಮನೆಗೆ ಹೋಗುತ್ತಾರೆ. ಆಮೇಲೆ ಬದುಕಿರುವವರೆಗೂ ವರ್ಷಕ್ಕೊಮ್ಮೆ ಬಂದು ರಕ್ತದೊತ್ತಡವನ್ನೂ ಮೂತ್ರವನ್ನೂ ಪರೀಕ್ಷಿಸಿಕೊಳ್ಳಬೇಕು.