ಇಂದಿನ ಧಮ್ಮ ಚಿಂತನೆ: ಹೊಗೆ ಮತ್ತು ಮೈತ್ರಿ



"ಬೀಡಿ, ಸಿಗರೇಟು ಹೆಂಡವಲ್ಲ, ಐದನೇ ಶೀಲ ಮುರಿಯುವುದಿಲ್ಲ" ಎಂದು ನಮ್ಮಲ್ಲೇ ಕೆಲವರು ವಾದಿಸುತ್ತಾರೆ. ನಾನು ಅವರಿಗೆ ಮೊದಲನೇ ಶೀಲವನ್ನು ನೆನಪಿಸುತ್ತೇನೆ. ಸೇದುವವರ ಹೊಗೆ ಅವರ ಎದೆಯಲ್ಲೇ ನಿಲ್ಲುವುದಿಲ್ಲ. ಪಕ್ಕದಲ್ಲಿರುವ ಗರ್ಭಿಣಿಯ, ಮಗುವಿನ, ಉಬ್ಬಸವಿರುವ ಹಿರಿಯರ ಉಸಿರಿಗೂ ಸೇರುತ್ತದೆ.

ಭಗವಾನ್ ಬುದ್ಧರು ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು ಕಲಿಸಿದ್ದು ಇದನ್ನೇ: ಯಾವ ಕೆಲಸವನ್ನಾದರೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೆ ಅಥವಾ ಬೇರೆಯವರಿಗೆ ಕೇಡಾಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕಾನೂನೂ ಇದೆ. 2003ರ ಕೇಂದ್ರ ಕಾಯ್ದೆಯಡಿ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷಿದ್ಧ. ಬಸ್ ನಿಲ್ದಾಣವೂ ಅದರಲ್ಲಿ ಸೇರಿದೆ. 200 ರೂಪಾಯಿವರೆಗೆ ಇದ್ದ ದಂಡ ಕರ್ನಾಟಕದಲ್ಲಿ 2025ರಿಂದ 1,000 ರೂಪಾಯಿವರೆಗೆ ಏರಿದೆ. ಆದರೆ ನಮ್ಮ ದಾಬಸ್‌ಪೇಟೆಯ ಪ್ರತಿ ಬಸ್ ಸ್ಟಾಪಿನಲ್ಲೂ ಪೊಲೀಸರು ನಿಲ್ಲಲಾಗದು. ಅಲ್ಲಿ ನಿಲ್ಲುವವರು ನಾವು.

ಹಾಗೆಂದು ಬೈಯುವುದು ಬೇಡ. ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬೀಡಿ ಹಚ್ಚುವವರೂ ನಮ್ಮಂತೆ ದುಡಿಯುವವರೇ. ನಾಲ್ಕು ಜನರ ಮುಂದೆ ಅವಮಾನ ಎಂದರೇನು ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದನ್ನು ಇನ್ನೊಬ್ಬರಿಗೆ ಕೊಡಬಾರದು. ನಾನು "ಅಣ್ಣಾ, ಮಗು ಇದೆ, ಆರಿಸಿಬಿಡಿ" ಎಂದಷ್ಟೇ ಹೇಳುತ್ತೇನೆ. ಎಷ್ಟೋ ಜನ ಆರಿಸುತ್ತಾರೆ. ಸುಮ್ಮನಿರುವುದು ಮೈತ್ರಿಯಲ್ಲ, ಹೀಯಾಳಿಸುವುದೂ ಮೈತ್ರಿಯಲ್ಲ.

ಇಂದಿನ ಅಭ್ಯಾಸ: ಒಬ್ಬರಿಗಾದರೂ ಮೆತ್ತಗೆ ಹೇಳೋಣ. ಬಿಡುವ ಮನಸ್ಸಿರುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ತಿಳಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.